ಇಳಿತದ ಹೊತ್ತಿನ ಹಾಜರಿ

ಬೆಳಕು ಹರಿಯುವ ಮೊದಲು ಮಾಸ್ತಮ್ಮ ಒಲೆಯ ಬೂದಿ ತೆಗೆದಿರುತ್ತಾಳೆ. ಬಾವಿಯಿಂದ ಹನ್ನೊಂದು ಕೊಡ ನೀರು ಸೇದಿರುತ್ತಾಳೆ. ದೋಣಿಗೆ ಹೋಗುವ ಗಂಡ ವೆಂಕಟನಿಗೆ ಗಂಜಿ, ಸುಟ್ಟ ಒಣಮೀನು, ಅತ್ತೆಗೆ ಬಿಸಿನೀರು, ಕೋಳಿಗೂಡು, ಅಂಗಳ, ನೆನೆಸಿಟ್ಟ ಬಟ್ಟೆ. ಆಮೇಲೆ ಹಿತ್ತಲಲ್ಲಿ ನಿನ್ನೆ ಹೊಳೆಯಿಂದ ಹೆಕ್ಕಿ ತಂದ ಬಳಚು ಬೇಯಿಸಿ, ಒಂದೊಂದೇ ಚಿಪ್ಪು ಬಿಡಿಸಿ, ಮಾಂಸ ತೊಳೆದು ಮಾರಾಟಕ್ಕೆ ತೆಗೆದಿಡಬೇಕು. ಇಷ್ಟಾದ ಮೇಲೂ ಯಾರಾದರೂ "ನಿಮ್ಮ ಸೊಸೆ ಎಂತ ಮಾಡ್ತಾಳೆ?" ಎಂದು ಕೇಳಿದರೆ ಅತ್ತೆ ಹೇಳುವುದು ಒಂದೇ ಮಾತು: "ಎಂತದೂ ಇಲ್ಲ, ಮನೇಲೇ ಇರ್ತಾಳೆ."

ಎಂತದೂ ಇಲ್ಲದ ಈ ಹೆಂಗಸಿಗೆ ಹೋದ ವರ್ಷದಿಂದ ಇನ್ನೊಂದು ಕೆಲಸ ಸೇರಿತ್ತು. ತದಡಿಯಲ್ಲಿ ದೋಣಿ ಕಟ್ಟುವ ದಕ್ಕೆಯ ಹತ್ತಿರದ ಹಳೆಯ ಗೋದಾಮಿನ ಕೋಣೆಯಲ್ಲಿ, ಇಲ್ಲದವರ ಮನೆಯ ಹುಡುಗಿಯರಿಗೆ ಶಾಲೆ ಬಿಟ್ಟ ಮೇಲೆ ವಿಜ್ಞಾನ, ಗಣಿತ ಹೇಳಿಕೊಡುವ ತರಗತಿ ನಡೆಯುತ್ತಿತ್ತು. ದುಡ್ಡು ಹುಬ್ಬಳ್ಳಿಯ ಒಂದು ಸಂಸ್ಥೆಯದು. ಹೊನ್ನಾವರದಿಂದ ಪವಿತ್ರಾ ಟೀಚರ್ ಬಸ್ಸಿನಲ್ಲಿ ಬರುತ್ತಿದ್ದಳು. ಕಸ ಗುಡಿಸುವುದು, ಬೀಗದ ಕೈ, ಹಾಜರಿ ಪುಸ್ತಕ ಮಾಸ್ತಮ್ಮನ ಪಾಲು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಒಂಬತ್ತನೇ ಇಯತ್ತೆಯ ಮಗಳು ಧನ್ಯಶ್ರೀ ಅದೇ ತರಗತಿಯವಳು.

ಶನಿವಾರ ಸಂಸ್ಥೆಯ ಶಿಶಿರ ಬೈಕಿನಲ್ಲಿ ಬಂದ. ಪುಸ್ತಕ ತಿರುವಿದವನ ಮುಖ ಗಂಟಾಯಿತು.

"ಹದಿನೆಂಟು ಹುಡುಗಿಯರು. ಈ ಎಂಟು ದಿನ ನೋಡಿ, ನಾಲ್ಕು, ಐದು, ನಾಲ್ಕು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ದುಡ್ಡು ಬೇರೆ ತಾಲೂಕಿಗೆ ಹೋಗುತ್ತದೆ. ಇಲ್ಲಿಯವರಿಗೆ ಆಸಕ್ತಿಯೇ ಇಲ್ಲ."

"ಆಸಕ್ತಿ ಅಲ್ಲ ಸರ್, ಇಳಿತ," ಎಂದಳು ಮಾಸ್ತಮ್ಮ. ಕಸಬರಿಗೆ ಕೈಯಲ್ಲೇ ಇತ್ತು. "ಅವು ಹೋದ ಹುಣ್ಣಿಮೆ ಹೊತ್ತಿನ ದಿನ. ಹುಣ್ಣಿಮೆ, ಅಮಾಸೆ ಸುತ್ತಮುತ್ತ ನಾಲ್ಕು ಗಂಟೆಗೆಲ್ಲ ಹೊಳೆ ಇಳೀತದೆ. ಬಳಚು ಸಿಗೂದು ಆಗಲೇ. ಹುಡುಗೀರೆಲ್ಲ ತಾಯಂದ್ರ ಜೊತೆ ಸೊಂಟದ ಮಟ್ಟ ನೀರಲ್ಲಿರ್ತಾರೆ. ನಿಮ್ಮ ಗಡಿಯಾರ ನೋಡ್ಕಂಡು ಹೊಳೆ ಇಳೀತದಾ?"

"ತಾಯಂದಿರಷ್ಟೇ ಹೋದರೆ ಆಗುವುದಿಲ್ಲವೇ?"

"ನೋಡಿ, ಅಪ್ಪಂದ್ರು ಅಂತ ನಿಮ್ಮ ಬಾಯಿಗೆ ಬರಲೇ ಇಲ್ಲ."

ಪಕ್ಕದಲ್ಲಿದ್ದ ಪವಿತ್ರಾ ಕಿಸಕ್ಕೆಂದಳು. ಶಿಶಿರನೂ ನಕ್ಕ. ಆಮೇಲೆ ದನಿ ತಗ್ಗಿಸಿದ. "ಒಂದು ಕೆಲಸ ಮಾಡಿ. ಖಾಲಿ ಇರುವ ಕಡೆಯೆಲ್ಲ 'ಹಾಜರು' ಅಂತ ತುಂಬಿಸಿಬಿಡಿ. ಸೋಮವಾರ ಸಂಜೆ ಬಂದು ಒಯ್ಯುತ್ತೇನೆ. ತರಗತಿ ಉಳಿಯಲಿ ಎಂದೇ ಹೇಳುತ್ತಿರುವುದು."

ಅವನು ಹೋದ ಮೇಲೆ ಪವಿತ್ರಾ ಚೀಲ ಹೆಗಲಿಗೇರಿಸಿದಳು. "ನನ್ನ ಸಂಬಳವೂ ಇದ್ರಲ್ಲೇ ಇದೆ ಅಕ್ಕ. ಬರಿ ಅಂತ ಹೇಳೂಕೂ ಆಗೂದಿಲ್ಲ, ಬೇಡ ಅನ್ನೂಕೂ ಆಗೂದಿಲ್ಲ. ನೀವೇ ನೋಡಿ."

"ಆತು," ಎಂದಳು ಮಾಸ್ತಮ್ಮ.

ಸೋಮವಾರ ಮಧ್ಯಾಹ್ನ ಕೋಣೆ ಗುಡಿಸಿ, ಒಬ್ಬಳೇ ಪುಸ್ತಕ ಬಿಚ್ಚಿ ಕುಳಿತಳು. ಗೋಡೆಯ ಹಲಗೆಯ ಮೇಲೆ ಹುಡುಗಿಯರು ಮಾಡಿದ ಸಾಧನಗಳಿದ್ದವು: ಬಾಟಲಿ ಮುಚ್ಚಳ, ಎರಡು ತಂತಿ, ಬ್ಯಾಟರಿ, ನೀರು ಮೇಲೇರಿ ತಂತಿಗೆ ತಾಗಿದರೆ ಪುಟ್ಟ ದೀಪ ಹತ್ತುತ್ತದೆ. ಧನ್ಯಶ್ರೀಯದಕ್ಕೆ ಇನ್ನೂ ದೀಪವಿರಲಿಲ್ಲ. ಒಂದು ತಂತಿ ಜೋತುಬಿದ್ದಿತ್ತು.

ಪೆನ್ನು ಹಿಡಿದಳು. ಒಂದು ಸುಳ್ಳು ಬರೆದರೆ ತರಗತಿ ಉಳಿಯುತ್ತದೆ, ಮಗಳ ದೀಪವೂ ಹತ್ತುತ್ತದೆ. ಆದರೆ ಪುಸ್ತಕದ ಮೊದಲ ಸಾಲಿನ ದುರ್ಗ ಆ ಎಂಟೂ ದಿನ ಕೆಸರಲ್ಲಿದ್ದಳು, ಪಾದ ಚಿಪ್ಪಿಗೆ ಸಿಕ್ಕಿ ಸೀಳಿತ್ತು. ಬೆಂಚಿನ ಮೇಲಿದ್ದಳು ಎಂದು ಬರೆದರೆ ಆ ಕೆಸರು, ಆ ಗಾಯ ಎಲ್ಲಿಗೆ ಹೋಯಿತು? ಮನೆಯಲ್ಲಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಪುಸ್ತಕವೂ ಹಿಡಿಯದಿದ್ದರೆ ಹುಡುಗಿ ಎಂತದೂ ಮಾಡಲಿಲ್ಲ, ಮನೆಯಲ್ಲೇ ಇದ್ದಳು.

ಖಾಲಿ ಚೌಕಗಳಲ್ಲಿ ಸಣ್ಣಗೆ ಬರೆಯತೊಡಗಿದಳು. ದುರ್ಗ: ಬಳಚು. ಸುಚಿತಾ: ತಮ್ಮನ್ನ ಎತ್ತಿಕೊಳ್ಳೂಕೆ. ಕಮಲಿ: ನೀರು, ಅಡಿಗೆ. ಕಾಗುಣಿತ ತಪ್ಪಿದಲ್ಲಿ ಹೊಡೆದು ಹಾಕಿ ಮತ್ತೆ ಬರೆದಳು. ಧನ್ಯಶ್ರೀಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅಲ್ಲೂ ಎಂಟಕ್ಕೆ ಎಂಟೂ ಖಾಲಿ. ಶಿಶಿರನ ಬಾಯಿಗೆ ಬಾರದ ಮಾತು ತನ್ನ ಮನೆಯಲ್ಲಿ ತನ್ನ ಬಾಯಿಗೂ ಬಂದಿರಲಿಲ್ಲ. ಬರೆದಳು: ಬಳಚು. ಅಮ್ಮ ಕರೆದದ್ದು.

ಕೊನೆಗೆ ಪುಟದ ಅಡಿಯಲ್ಲಿ: "ಬ್ಯಾಟರಿಗೆ ದುಡ್ಡು ಕೊಟ್ಟೀರಿ, ತಂತಿಗೆ ಕೊಟ್ಟೀರಿ. ಹುಡುಗಿ ಬಿಟ್ಟು ಬರೂ ಕೆಲಸಕ್ಕೆ ಎಂತ ಕೊಟ್ಟೀರಿ? ಮುಚ್ಚೂದಾದ್ರೆ ಇದನ್ನ ಓದಿ ಮುಚ್ಚಿ. ಮಾಸ್ತಮ್ಮ."

ಪುಸ್ತಕವನ್ನು ಮೇಜಿನ ಮೇಲೆ ತೆರೆದೇ ಇಟ್ಟಳು. ಧನ್ಯಶ್ರೀಯ ಬಾಟಲಿ ಮುಚ್ಚಳವನ್ನು ಹಲಗೆಯಿಂದ ಇಳಿಸಿ ಅವಳು ಕೂರುವ ಜಾಗದಲ್ಲಿಟ್ಟಳು. ಬೀಗದ ಕೈಯನ್ನು ಎಂದಿನಂತೆ ಟೀಚರಿಗಾಗಿ ಪಕ್ಕದ ಅಂಗಡಿಯಲ್ಲಿ ಕೊಟ್ಟು ಮನೆಗೆ ಬಂದಳು.

ಅತ್ತೆ ಮಲಗಿದ್ದಳು. ವೆಂಕಟ ಊಟ ಮುಗಿಸಿ, ತಾಟು ಅಲ್ಲೇ ಬಿಟ್ಟು, ದಕ್ಕೆಯ ಮೇಲೆ ಇಸ್ಪೀಟಿಗೆ ಹೋಗಿದ್ದ. ಗೋಡೆಯಲ್ಲಿ ಎರಡು ಬುಟ್ಟಿ ತೂಗುತ್ತಿದ್ದವು, ತನ್ನದು ಮತ್ತು ಮಗಳದು. ನಾಳೆ ಅಮಾಸೆ; ಹೊಳೆ ಆಗಲೇ ಇಳಿಯತೊಡಗಿತ್ತು. ಅರ್ಧ ಬುಟ್ಟಿ ಬಳಚು ಕಡಿಮೆಯಾದರೆ ರಾತ್ರಿ ಮಾತು ಬೆಳೆಯುವುದು ಅವಳಿಗೆ ಗೊತ್ತಿತ್ತು.

ಮಗಳ ಬುಟ್ಟಿ ತೆಗೆದಳು. ಅದಿದ್ದ ಗೂಟದ ಕೆಳಗೆ, ಶಾಲೆಯಿಂದ ಬಂದವಳಿಗೆ ಕಾಣುವ ಹಾಗೆ, ಸಂಜೆ ತರಗತಿಯ ವಿಜ್ಞಾನದ ನೋಟ್‌ಬುಕ್ ಇಟ್ಟಳು. ಬುಟ್ಟಿಯನ್ನು ವೆಂಕಟನ ಅಂಗಿಯ ಗೂಟಕ್ಕೆ, ಅಂಗಿಯ ಮೇಲೆಯೇ ತೂಗುಹಾಕಿದಳು. ತಾಟನ್ನು ತೊಳೆಯಲಿಲ್ಲ. ತನ್ನ ಬುಟ್ಟಿಯೊಂದನ್ನೇ ಎತ್ತಿಕೊಂಡು ಹೊಳೆಯ ಕಡೆ ಹೊರಟಳು.