ಜುರಾಕಾನ್ ಎಣಿಸಿದ ಟಗರುಗಳು

ಎತ್ತರದ ಬೆಟ್ಟಗಳ ನಡುವಿನ ನಮ್ಮ ಸರಿ-ಜಿಲ್ಗಾ ಊರಿನ ಸುತ್ತಮುತ್ತ ಯಾವ ಕಾಡುಟಗರು ಬೇಟೆಯಾದರೂ ಅದರ ಕೊಂಬು ಮೊದಲು ಜುರಾಕಾನ್ ಅಕ್ಕನ ಮಡಿಲಿಗೆ ಬರಬೇಕಿತ್ತು. ಗಾಳಿ ತಾಗದ ಗೋಡೆಯ ಪಕ್ಕ ಬಿಸಿಲಿಗೆ ಕೂತು, ಎರಡು ಸುತ್ತು ಸುತ್ತಿಕೊಂಡ ಆ ಕೊಂಬನ್ನು ಮಗುವಿನಂತೆ ಅಡ್ಡ ಹಾಕಿಕೊಂಡು, ತುದಿಯಿಂದ ಬುಡದವರೆಗೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದಳು. ಚಳಿಗಾಲದಲ್ಲಿ ಕೊಂಬು ಬೆಳೆಯುವುದಿಲ್ಲ. ನಿಂತ ಜಾಗದಲ್ಲಿ ಬಳೆಯಂಥ ಒಂದು ಗೆರೆ ಉಳಿಯುತ್ತದೆ. ಗೆರೆ ಎಷ್ಟೋ ಟಗರು ಕಂಡ ಚಳಿಗಾಲ ಅಷ್ಟು. ಉಗುರು ಗೆರೆಗೆ ಸಿಕ್ಕಿದಾಗಲೆಲ್ಲ ಅಕ್ಕ ಒಂದು ಕ್ಷಣ ನಿಲ್ಲುತ್ತಿದ್ದಳು.

ಒಂಬತ್ತು ಚಳಿಗಾಲ ದಾಟಿದ ಟಗರನ್ನು ಮಾತ್ರ ಹೊಡೆಯಬಹುದು ಎಂಬುದು ನಿಯಮ. ಹೊಡೆಯುವವರು ಕೊಂಬಿನ ಆಸೆಗೆ ದೂರದ ದೇಶಗಳಿಂದ ಬರುವ ಅತಿಥಿಗಳು. ವರ್ಷಕ್ಕೆ ಆರು ಪರವಾನಗಿ. ಅದಕ್ಕೆ ಅವರು ಕೊಡುವ ಹಣದಿಂದ ನಮ್ಮ ಊರಿನ ಬೇಟೆ ಸಂಘ ನಡೆಯುತ್ತಿತ್ತು, ಕಾವಲುಗಾರರ ಮನೆಯ ಒಲೆ ಉರಿಯುತ್ತಿತ್ತು, ನಾನು ಪಾಠ ಹೇಳುವ ಶಾಲೆಗೆ ಚಳಿಗಾಲದ ಕಲ್ಲಿದ್ದಲು ಬರುತ್ತಿತ್ತು. ಸಂಘದ ಮುಖ್ಯಸ್ಥ ಕದೀರ್ಕುಲ್, ಅಕ್ಕನ ಸ್ವಂತ ಮೈದುನ.

ಅಕ್ಕನಿಗೆ ಈ ಕೆಲಸ ಸುಮ್ಮನೆ ಬಂದದ್ದಲ್ಲ. ಹಳೆಯ ಕಾಲದ ಸರ್ಕಾರಿ ಕುರಿ ಫಾರ್ಮಿನಲ್ಲಿ ಆಕೆ ಹದಿನೆಂಟನೆಯ ವಯಸ್ಸಿನಿಂದ ಮದ್ದು ಕೊಡುವ ಸಹಾಯಕಿ. ದೊಡ್ಡಿಯ ಬಾಗಿಲಲ್ಲಿ ನಿಂತು, ನುಗ್ಗಿ ಬರುವ ಸಾವಿರ ಕುರಿಗಳನ್ನು ಒಂದೂ ತಪ್ಪದೆ ಎಣಿಸುತ್ತಿದ್ದಳು. ಫಾರ್ಮು ಮುಚ್ಚಿತು, ಹಿಟ್ಟಿನ ಲಾರಿ ಬರುವುದು ನಿಂತಿತು, ಊರಿಗೆ ಊರೇ ಕಾಡುಕುರಿ ತಿಂದು ಬದುಕಿತು. ಆಕೆಯ ಗಂಡ ಶೆರ್ಮಮತನೂ ಬಂದೂಕು ಹೊತ್ತು ಹೋಗುತ್ತಿದ್ದ. ಆತ ಎದೆನೋವಿನಿಂದ ತೀರಿಕೊಂಡ ವರ್ಷ ಕದೀರ್ಕುಲ್ ಎರಡು ಯಾಕ್ ಕಡಿದು ಮಾಂಸವನ್ನು ಅತ್ತಿಗೆಯ ಮನೆಗೆ ಹೊರಿಸಿದ. ಸಂಘ ಹುಟ್ಟಿದಾಗ, "ಲೆಕ್ಕ ತಪ್ಪದವ್ರು ಅಂದ್ರೆ ನಮ್ಮ ಅತ್ತಿಗೆ ಒಬ್ರೇ" ಎಂದು ಕರೆತಂದದ್ದೂ ಅವನೇ. ಅಂದಿನಿಂದ ಕೊಂಬಿನ ಗೆರೆ ಓದುವುದೂ, ವರ್ಷಕ್ಕೊಮ್ಮೆ ಬೆಟ್ಟದ ಕಾಡುಕುರಿಗಳನ್ನು ಎಣಿಸುವುದೂ ಆಕೆಯ ಪಾಲಿಗೆ ಬಂತು. ಆ ಎಣಿಕೆ ರಾಜಧಾನಿಗೆ ಹೋಗುತ್ತಿತ್ತು. ಮುಂದಿನ ವರ್ಷ ಎಷ್ಟು ಪರವಾನಗಿ ಎಂಬುದು ಅದರ ಮೇಲೆ ನಿಂತಿತ್ತು.

ಮೊದಲ ವರ್ಷಗಳಲ್ಲಿ ಅಕ್ಕನ ಉಗುರು ಹನ್ನೊಂದು ಸಲ, ಹನ್ನೆರಡು ಸಲ ನಿಲ್ಲುತ್ತಿತ್ತು. ಆಮೇಲೆ ಹತ್ತಕ್ಕೆ ಬಂತು. ಮತ್ತೆರಡು ವರ್ಷ ಕಳೆದ ಮೇಲೆ ಬರೀ ಒಂಬತ್ತು. ಎಣಿಕೆಯಲ್ಲಿ ಮಂದೆ ಅಷ್ಟೇ ಇತ್ತು. ಕೊಂಬು ಮಾತ್ರ ಎಳೆಯದಾಗುತ್ತ ಬಂತು. ಇದು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ.

"ಕದೀರ್, ಮುದಿ ಟಗರುಗಳೆಲ್ಲ ಎಲ್ಲಿ ಹೋದ್ವು?" ಎಂದು ಒಂದು ದಿನ ಕೇಳಿದಳು.

"ಬೆಟ್ಟದ ಮೇಲೆ ಇರ್ತಾವೆ ಅತ್ತಿಗೆ. ನಿಮ್ಮನೆಗೆ ಚಾ ಕುಡಿಯೋಕೆ ಬರ್ಬೇಕಿತ್ತಾ?"

ಆ ನವೆಂಬರಿನಲ್ಲಿ ಒಬ್ಬ ಅತಿಥಿ ಬಂದಿದ್ದ. ಎತ್ತರದ ಗಾಳಿ ಒಗ್ಗದೆ ಒಂಬತ್ತು ದಿನ ತಲೆ ಹಿಡಿದುಕೊಂಡು ಮಲಗಿದವನು ಕಡೆಯ ದಿನ ಎದ್ದು, ಬಹಳ ದೂರದಿಂದ ಒಂದನ್ನು ಹೊಡೆದ. ಕೊಂಬು ಅಗಲವಾಗಿ, ಚಂದವಾಗಿ ಇತ್ತು. ಅಕ್ಕ ಮೂರು ಸಲ ಉಗುರು ಎಳೆದಳು. ಮೂರು ಸಲವೂ ಏಳಕ್ಕೆ ಮುಗಿಯಿತು.

ಕದೀರ್ಕುಲ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. "ಇಲ್ಲೊಂದು ಇದೆ ನೋಡಿ ಅತ್ತಿಗೆ."

"ಅದು ಗೆರೆ ಅಲ್ಲ ಕಣಪ್ಪ. ಬಂಡೆಗೆ ತಿಕ್ಕಿ ಆದ ಗಾಯ."

"ಕೆಳಗೆ ಇನ್ನೊಂದು?"

"ಅದೂ ಗಾಯಾನೇ."

"ನೀವು ಗೆರೆ ಅಂದ್ರೆ ಗೆರೆ, ಗಾಯ ಅಂದ್ರೆ ಗಾಯ. ಆದ್ರೆ ಏಳು ಅಂತ ಬರೆದ್ರೆ ಬರೋ ವರ್ಷ ನಮ್ಮ ಸಂಘಕ್ಕೆ ಬೀಗ ಬೀಳುತ್ತೆ. ಹೊಡೆದಿದ್ದನ್ನ ಮತ್ತೆ ಎಬ್ಬಿಸೋಕಾಗುತ್ತಾ? ಒಂದೇ ಸಲ ಅತ್ತಿಗೆ. ನಾನು ನಿಮ್ಮನ್ನ ಇದುವರೆಗೂ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ, ಅದು ನಿಜ. ಅಕ್ಕ ಒಂಬತ್ತು ಎಂದು ಬರೆದಳು.

ಕೊಂಬು ದೇಶ ಬಿಟ್ಟು ಹೋಯಿತು, ಅದರ ಜೊತೆಗೆ ಅಕ್ಕನ ನೆಮ್ಮದಿಯೂ ಹೋಯಿತು. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದಳು. ನಮ್ಮ ಮನೆಗೆ ಬಂದರೆ ಉಪ್ಪು ಹಾಕಿದ ಹಾಲಿನ ಚಾ ಮುಂದೆಯೇ ಆರಿ ಕೆನೆ ಕಟ್ಟುತ್ತಿತ್ತು. ರೊಟ್ಟಿ ಮುರಿದು ತುಂಡುಗಳನ್ನು ಅಲ್ಲೇ ಬಿಟ್ಟು ಏಳುತ್ತಿದ್ದಳು. ಏನಾಯಿತು ಅಕ್ಕ ಎಂದರೆ, "ಮಂಡಿ ನೋವು" ಎನ್ನುತ್ತಿದ್ದಳು. ನಾನು ಮಂಡಿಗೆ ಮುಲಾಮು ಕೊಟ್ಟು ಕಳಿಸುತ್ತಿದ್ದೆ.

ಡಿಸೆಂಬರಿನಲ್ಲಿ ಎಣಿಕೆ. ಆಗ ಟಗರುಗಳು ಹೆಣ್ಣು ಹುಡುಕಿಕೊಂಡು ಕಣಿವೆಗೆ ಇಳಿಯುತ್ತವೆ, ಎಲ್ಲವೂ ಒಟ್ಟಿಗೆ ಕಾಣುತ್ತವೆ. ಅಕ್ಕನ ಜೊತೆ ಎಂದಿನಂತೆ ಕಾವಲುಗಾರ ಮಮಶರೀಪ್ ಹೊರಟ. ಅರವತ್ತು ದಾಟಿದ ಒಣಕಲು ಮನುಷ್ಯ, ಹಳೆಯ ರಷ್ಯನ್ ಜೀಪಿಗೂ ತನ್ನ ಕೆಮ್ಮಿಗೂ ಒಂದೇ ಬೈಗುಳ ಬಯ್ಯುವವನು. ಐದು ಕಣಿವೆಗೆ ಆರು ದಿನ. ಬಂಡೆಯ ಮರೆಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ದುರ್ಬೀನಿನಲ್ಲಿ ನೋಡುವುದು, ಹತ್ತಕ್ಕೊಂದು ಕಲ್ಲನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕುವುದು.

ಮೂರನೆಯ ಕಣಿವೆಯಲ್ಲಿ ಅಕ್ಕ ಎಣಿಸಿದ್ದನ್ನೇ ಮತ್ತೆ ಮೊದಲಿನಿಂದ ಎಣಿಸಿದಳು. ಹೋದ ವರ್ಷ ತೊಂಬತ್ತು ಕಂಡ ಇಳಿಜಾರಿನಲ್ಲಿ ಈಗ ಮೂವತ್ತೆಂಟು. ಎಳೆಯ ಟಗರುಗಳು ಹೆಣ್ಣುಗಳನ್ನು ನಿಲ್ಲಗೊಡದೆ ಅಟ್ಟಾಡಿಸುತ್ತಿದ್ದವು. ಗದರಿಸಿ ದೂರ ನಿಲ್ಲಿಸುವಂಥ ದೊಡ್ಡ ಟಗರು ಒಂದೂ ಇರಲಿಲ್ಲ.

"ಅಣ್ಣ, ನೀವೊಂದ್ಸಲ ನೋಡಿ. ನನ್ನ ಕಣ್ಣೇ ಸರಿ ಇಲ್ವೇನೋ."

ಮಮಶರೀಪ್ ಬಹಳ ಹೊತ್ತು ನೋಡಿದ. "ಕಣ್ಣು ಸರಿಯಾಗೇ ಇದೆ ಕಣಮ್ಮ" ಎಂದ. ಆಮೇಲೆ ದುರ್ಬೀನು ಒರೆಸುತ್ತ ಹೇಳಿದ, "ಹಸಿವಿನ ವರ್ಷಗಳಲ್ಲಿ ನಾನೇ ಎಷ್ಟು ಹೊಡೆದೆನೋ ಲೆಕ್ಕ ಇಲ್ಲ. ಆದ್ರೆ ಮುದಿ ಟಗರನ್ನ ಮುಟ್ತಿರ್ಲಿಲ್ಲ. ಅದ್ರ ಮಾಂಸ ಬೂಟಿನ ಅಟ್ಟೆ ಇದ್ದ ಹಾಗೆ, ಯಾರಿಗೆ ಬೇಕಿತ್ತು? ಆಗೆಲ್ಲ ಬೆಟ್ಟದಲ್ಲಿ ಯಜಮಾನರು ಇರ್ತಿದ್ರು. ಈಗ ಯಜಮಾನರನ್ನೇ ಆರಿಸಿ ಆರಿಸಿ ಕಳಿಸಿಬಿಟ್ವಿ. ಈ ಹುಡುಗರು ಓಡಿಸಿ ಓಡಿಸಿ ಹೆಣ್ಣುಗಳು ಬಡವಾಗಿ ಸಾಯ್ತಾವೆ, ಮರಿ ನಿಲ್ಲಲ್ಲ."

ಹೋದ ವರ್ಷ ನಾನೂರ ಹನ್ನೆರಡು. ಈ ವರ್ಷ ಇನ್ನೂರ ಅರವತ್ತೆಂಟು. ಒಂಬತ್ತು ದಾಟಿದ್ದೆಂದು ಕಾಣುವ ಟಗರು ನಾಲ್ಕು.

ಕದೀರ್ಕುಲ್ ಅಂಕಿ ಕೇಳಿ ಗಾಬರಿಯಾಗಲಿಲ್ಲ. "ದಾಟಿ ಹೋಗಿವೆ ಅತ್ತಿಗೆ. ಕೋಕ್-ಬೆಲ್ ಕಣಿವೆದಾರಿ ಹಿಡಿದು ಗಡಿಯಾಚೆ ಹೋಗಿರ್ತಾವೆ. ಆ ಕಡೆ ಹಿಮ ಕಡಿಮೆ. ವಸಂತಕ್ಕೆ ವಾಪಸ್ ಬರ್ತಾವೆ. ನಾನೂರು ಅಂತ ಬರೀರಿ, ಸುಳ್ಳೇನಲ್ಲ ಅದು."

ಅಕ್ಕನನ್ನು ಕಾಡಿದ್ದು ಇದೇ. ಅವನ ಮಾತು ನಿಜವಿದ್ದರೂ ಇರಬಹುದಿತ್ತು. ಹಿಂದೊಮ್ಮೆ ಹಾಗೆ ದಾಟಿದ್ದು ಉಂಟು. ದಾಟಿದ್ದರೆ, ತಾನು ಇನ್ನೂರ ಅರವತ್ತೆಂಟು ಎಂದು ಬರೆದು ಊರಿನ ಕಲ್ಲಿದ್ದಲು ಸುಮ್ಮನೆ ಕಸಿದ ಹಾಗೆ. ದಾಟಿರದಿದ್ದರೆ, ನಾನೂರು ಎಂದು ಬರೆದು ಉಳಿದ ನಾಲ್ಕನ್ನೂ ತಾನೇ ಕೊಲ್ಲಿಸಿದ ಹಾಗೆ. ಎರಡು ದಿನ ಆಕೆ ಏನೂ ತಿನ್ನಲಿಲ್ಲ ಎಂದು ಅಕ್ಕನ ಸೊಸೆ ನನ್ನ ಬಳಿ ಬಂದು ಅತ್ತಳು. ಮೂರನೆಯ ಬೆಳಿಗ್ಗೆ ಅಕ್ಕ ಗಂಡನ ಕುರಿತುಪ್ಪಟದ ಕೋಟು ತೊಟ್ಟು ಮಮಶರೀಪನ ಬಾಗಿಲಲ್ಲಿ ನಿಂತಿದ್ದಳು.

"ಕೋಕ್-ಬೆಲ್‌ಗೆ ಹೋಗ್ಬೇಕು ಅಣ್ಣ."

"ಈ ಚಳೀಲಾ? ನಿನ್ನ ಮಂಡಿ?"

"ಮಂಡಿ ಇಲ್ಲೇ ಬಿಟ್ಟು ಬರ್ತೀನಿ. ನೀವು ಜೀಪು ತೆಗೀರಿ."

ಜೀಪು ಅರ್ಧ ದಾರಿಗೆ ಹೋಗಿ ಹಿಮದಲ್ಲಿ ಹೂತಿತು. ಉಳಿದದ್ದನ್ನು ಇಬ್ಬರೂ ನಡೆದರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು, ಹೆಚ್ಚು ಹೊತ್ತು ನಿಂತರೆ ಕಾಲು ಮರಗಟ್ಟುತ್ತದೆ. ಮಮಶರೀಪನ ಕೆಮ್ಮು ಕೇಳಿದಾಗಲೆಲ್ಲ, ಈ ಮುದುಕನನ್ನು ಎಳೆದು ತಂದೆನಲ್ಲ ಎಂದು ಅಕ್ಕನಿಗೆ ಇನ್ನೊಂದು ಭಯ. ಮಧ್ಯಾಹ್ನದ ಹೊತ್ತಿಗೆ ದಾರಿಯ ನೆತ್ತಿ ತಲುಪಿದರು.

ಗಾಳಿ ಬೀಸುವ ಕಡೆ ಹೆಜ್ಜೆ ಉಳಿಯುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಅದಕ್ಕೇ ನೆತ್ತಿಯ ಕೆಳಗಿನ ತಗ್ಗಿಗೆ ಇಳಿದರು. ದಾಟುವ ಮಂದೆ ಯಾವಾಗಲೂ ಅಲ್ಲಿ ಗಾಳಿಗೆ ಮರೆಯಾಗಿ ನಿಂತು ಸುಧಾರಿಸಿಕೊಂಡು ಹೋಗುವುದು. ಅಕ್ಕ ಕೈಗವಸು ಕಳಚಿ ಹಿಮ ಬಗೆದಳು. ಒಂದು ಕಡೆ, ಹತ್ತು ಕಡೆ. ಸಿಕ್ಕಿದ್ದೆಲ್ಲ ಬಿಳಿಚಿಕೊಂಡು ಪುಡಿಯಾಗುವ ಹಳೆಯ ಹಿಕ್ಕೆ, ಬೇಸಿಗೆಯದೋ ಅದಕ್ಕೂ ಹಿಂದಿನದೋ. ಹೊಸದು ಒಂದೂ ಇಲ್ಲ. ಹಿಮದ ಮೇಲೆ ಒಂದು ನರಿ ನಡೆದು ಹೋಗಿತ್ತು. ಅಷ್ಟೇ.

"ದಾಟಿಲ್ಲ" ಎಂದ ಮಮಶರೀಪ್.

ಅಕ್ಕ ಇನ್ನೊಂದು ಕಡೆ ಬಗೆದಳು. ಬೆರಳುಗಳು ಬೆಳ್ಳಗಾಗಿದ್ದನ್ನು ನೋಡಿ ಅವನು ಅವನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬಯ್ಯುತ್ತಾ ಬಿಸಿ ಮಾಡಿದ. ಬಲಗೈ ಕಿರುಬೆರಳಿನ ತುದಿಗೆ ಆಮೇಲೆ ಸ್ಪರ್ಶವೇ ತಿಳಿಯಲಿಲ್ಲ.

ರಾಜಧಾನಿಯಿಂದ ಅಧಿಕಾರಿ ಬಂದ ದಿನ ಸಭೆ ನಮ್ಮ ಶಾಲೆಯಲ್ಲೇ ಸೇರಿತು. ನಾನು ಒಲೆಗೆ ಕಲ್ಲಿದ್ದಲು ಹಾಕುತ್ತಾ ನಿಂತಿದ್ದೆ. ಕದೀರ್ಕುಲ್ ಎದ್ದು ಗಡಿ ದಾಟಿದ ಮಂದೆಯ ವಿಷಯ ಚೆನ್ನಾಗಿಯೇ ಹೇಳಿದ. ಅಧಿಕಾರಿ ಕೇಳಿದ, "ಎಣಿಸಿದವರು ಯಾರು?"

ಅಕ್ಕ ಎದ್ದಳು. "ಇನ್ನೂರ ಅರವತ್ತೆಂಟು. ದಾಟಿಲ್ಲ, ಹೋಗಿ ನೋಡ್ಕೊಂಡು ಬಂದಿದ್ದೀನಿ. ದೊಡ್ಡ ಟಗರು ನಾಲ್ಕೇ ಉಳಿದಿರೋದು." ಅಲ್ಲಿಗೇ ಕೂರಬಹುದಿತ್ತು, ಕೂರಲಿಲ್ಲ. "ಇನ್ನೊಂದು ಮಾತಿದೆ. ನವೆಂಬರಲ್ಲಿ ಹೋದ ಕೊಂಬಿಗೆ ಒಂಬತ್ತು ಅಂತ ಬರೆದಿದ್ದೆ. ಅದು ಏಳು. ಬರೆದವಳು ನಾನು."

ಯಾರು ಬರೆಸಿದರು ಎಂದು ಅಧಿಕಾರಿ ಕೇಳಿದ. ಅಕ್ಕ, "ಕೈ ನಂದು" ಎಂದಷ್ಟೇ ಹೇಳಿದಳು. ಕದೀರ್ಕುಲ್ ನೆಲ ನೋಡುತ್ತಾ ಕೂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ಸಭೆ ಮುಗಿದು ಹೊರಗೆ ಬಂದಾಗ ಅವನು ಹೇಳಿದ, "ಸಮಾಧಾನ ಆಯ್ತಾ ಅತ್ತಿಗೆ? ಮನಸ್ಸು ಹಗುರ ಆಯ್ತಾ? ಈಗ ಊರವರ ಮನೆಗೆ ಹೋಗಿ ಒಲೆ ಹಚ್ಚಿ ಬನ್ನಿ."

ಮನಸ್ಸು ಹಗುರವಾಗಿರಲಿಲ್ಲ. ಕೊಂಬು ನೋಡುವ ಕೆಲಸದಿಂದ ಆಕೆಯನ್ನು ತೆಗೆದರು, ಎಣಿಕೆ ಮಾತ್ರ ಆಕೆಯ ಪಾಲಿಗೇ ಉಳಿಯಿತು. ಪರವಾನಗಿ ಆರರಿಂದ ಒಂದಕ್ಕೆ ಇಳಿಯಿತು. ಮೂವರು ಕಾವಲುಗಾರರು ಕೆಲಸ ಬಿಟ್ಟು ದೂರದ ಊರಿಗೆ ದುಡಿಯಲು ಹೋದರು. ಮರುವರ್ಷ ಶಾಲೆಗೆ ಕಲ್ಲಿದ್ದಲು ಬರಲಿಲ್ಲ. ಜನ ಬೆಟ್ಟದ ಕುರುಚಲು ಪೊದೆಗಳನ್ನು ಬೇರುಸಹಿತ ಕಿತ್ತು ಉರಿಸಿದರು. ಚಳಿಗಾಲದಲ್ಲಿ ಕಾಡುಕುರಿ ಮೇಯುವುದು ಅದೇ ಪೊದೆಯನ್ನು. ಗಾಡಿ ತುಂಬ ಪೊದೆ ಬರುವುದನ್ನು ಕಂಡಾಗಲೆಲ್ಲ ಅಕ್ಕ ದಾರಿಯಲ್ಲೇ ನಿಂತುಬಿಡುತ್ತಿದ್ದಳು. ಬಾವಿಯ ಬಳಿ ಹೆಂಗಸರು ಕೇಳುವಂತೆಯೇ ಆಡಿಕೊಂಡರು, "ನಾಲ್ಕು ಟಗರು ಉಳಿಸೋಕೆ ನಮ್ಮ ಮಕ್ಕಳನ್ನ ನಡುಗಿಸಿದ್ಲು." ಸುಳ್ಳಲ್ಲ ಅದು. ನನ್ನ ತರಗತಿಯಲ್ಲಿ ಮಕ್ಕಳು ಕೋಟು ತೊಟ್ಟೇ ಬರೆಯುತ್ತಿದ್ದರು. ನಾನೂ ಒಂದು ಸಲ ಆಕೆಯ ಮುಖ ನೋಡದೆ ಹಾದುಹೋಗಿದ್ದೇನೆ. ಅದನ್ನು ಮರೆಮಾಚಿದರೆ ಈ ಕಥೆ ಹೇಳುವ ಯೋಗ್ಯತೆ ನನಗಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಇನ್ನೂರ ಐವತ್ತೊಂದು. ಕೆಳಗೇ ಹೋಯಿತು. ಅಕ್ಕ ಬಿಳಿಚಿಕೊಂಡು ನಮ್ಮ ಮನೆಗೆ ಬಂದಳು. "ನಾನು ಬಾಯಿ ಬಿಟ್ಟಿದ್ದೂ ದಂಡವಾಯ್ತಾ ತಂಗಿ?" ಎಂದಳು. ನಾನು ಚಾ ಬಗ್ಗಿಸಿ ಆಕೆಯ ಮುಂದೆ ಇಟ್ಟೆ.

ಅದರ ಮರುವರ್ಷ ಇನ್ನೂರ ಎಪ್ಪತ್ತು. ಆಮೇಲೆ ಮುನ್ನೂರ ಆರು. ಪರವಾನಗಿ ಎರಡಾಯಿತು. ಶಾಲೆಗೆ ಅರ್ಧ ಗಾಡಿ ಕಲ್ಲಿದ್ದಲು ಬಂತು.

ಮಮಶರೀಪ್ ಹೋದ ಬೇಸಿಗೆಯಲ್ಲಿ ತೀರಿಕೊಂಡ. ಈ ಸಲದ ಎಣಿಕೆಗೆ ಜೀಪು ನಡೆಸಲು ಬೇರೆ ಯಾರೂ ಸಿಗದೆ ಕದೀರ್ಕುಲ್ಲೇ ಬಂದ. ನಾಲ್ಕು ವರ್ಷ ಅತ್ತಿಗೆಯ ಹೊಸಿಲು ತುಳಿಯದವನು ಬೆಳಿಗ್ಗೆ ಬಾಗಿಲಲ್ಲಿ ಹಾರ್ನ್ ಹೊಡೆದು ಕಾದ, ಇಳಿಯಲಿಲ್ಲ. ಒಳಗೆ ಬಾ ಎಂದು ಅಕ್ಕನೂ ಕರೆಯಲಿಲ್ಲ. ಬಂಡೆಯ ಮರೆಯಲ್ಲಿ ಅಕ್ಕಪಕ್ಕ ಮಲಗಿ ಇಬ್ಬರೂ ಎಣಿಸಿದರು.

"ಅರವತ್ತೊಂದು" ಎಂದ ಕದೀರ್ಕುಲ್.

"ಐವತ್ತೆಂಟು. ಆ ಮೂರು ಕಲ್ಲು."

"ಕಲ್ಲು ಅಲ್ಲಾಡುತ್ತಾ ಅತ್ತಿಗೆ?"

"ಅಲ್ಲಾಡ್ತಿರೋದು ನಿನ್ನ ಕೈ. ಉಸಿರು ಹಿಡಿದು ನೋಡು."

ಅವನು ಉಸಿರು ಹಿಡಿದು ಬಹಳ ಹೊತ್ತು ನೋಡಿದ. ಮೂರರಲ್ಲಿ ಒಂದು ಎದ್ದು ಮೈ ಕೊಡವಿ ಹೆಣ್ಣುಗಳ ಕಡೆ ನಡೆಯಿತು. ಇನ್ನೆರಡು ಅಲ್ಲೇ ಇದ್ದವು.

"ಐವತ್ತೊಂಬತ್ತು" ಎಂದಳು ಅಕ್ಕ, ಬೇಗ ಒಪ್ಪಲು ಮನಸ್ಸಿಲ್ಲದವಳಂತೆ. "ಇನ್ನೂ ಸ್ವಲ್ಪ ಕಾಯೋಣ. ಎದ್ದಿದ್ದು ದೊಡ್ಡ ಟಗರೋ ಎಳೇದೋ, ಕೊಂಬು ಸರಿಯಾಗಿ ಕಾಣ್ತಿಲ್ಲ."

ಚಳಿ ಏರುತ್ತಿದ್ದರೂ ಕದೀರ್ಕುಲ್ ಆ ದಿನ ಹೊರಡೋಣ ಎನ್ನಲಿಲ್ಲ.