ಮುತ್ಸುಕೊ ಅಕ್ಕನ ಕಣ್ಣಿನ ಮಂಜು

ಮುತ್ಸುಕೊ ಅಕ್ಕ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಯೂ ಮುಗಿಯಿತು. ಇನ್ನು ಹೇಳಬಹುದು.

ಕಾಗೊಶಿಮಾದ ಮಗ್ಗದ ಮನೆಯಲ್ಲಿ ಇಪ್ಪತ್ತೆರಡು ವರ್ಷ ನಾವಿಬ್ಬರೂ ಅಕ್ಕಪಕ್ಕ ಕೂತು ರೇಷ್ಮೆ ನೇಯ್ದವರು. ನಾಲ್ಕು ಬೆರಳು ನೇಯ್ದು ನಿಲ್ಲಿಸಿ, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಸರಿಸಿ ಬಣ್ಣದ ಚುಕ್ಕಿಗೆ ಚುಕ್ಕಿ ಕೂಡಿಸಿ ಚಿತ್ತಾರ ಮೂಡಿಸುವ ಕೆಲಸ. ಅವಳಷ್ಟು ಚುರುಕುಗಣ್ಣು ಇನ್ನೊಬ್ಬರಿಗಿರಲಿಲ್ಲ. ನಾಲಿಗೆಯೂ ಅಷ್ಟೇ ಹರಿತ.

ಅವಳ ಮಗಳು ಮಿಹೊ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆತ್ತ ದಿನದಿಂದಲೇ ಕೂಸಿಗೆ ಬಾಟಲಿ ಹಿಡಿದಳು. ನಾನು ಕೂಸನ್ನು ನೋಡಲು ಹೋದಾಗ ಮುತ್ಸುಕೊ ನನ್ನೆದುರೇ ಶುರುಮಾಡಿದಳು.

"ನೋಡೇ ಇವಳ ಚಂದ! ಎದೆ ತುಂಬಿ ಬಟ್ಟೆ ಒದ್ದೆ ಆಗ್ತಿದೆ, ಕೂಸಿಗೆ ಡಬ್ಬದ ಪುಡಿ! ಮೈಕಟ್ಟು ಕೆಡತ್ತಂತಾ ಮಹಾರಾಣಿಗೆ? ಇವಳಿಗೆ ಎರಡು ವರ್ಷ ಕುಡಿಸ್ದೆ ನಾನು, ಮಗ್ಗದ ಮುಂದೆ ಕೂತ್ಕೊಂಡೇ."

"ಡಾಕ್ಟ್ರು ಬೇಡ ಅಂದಿದಾರಮ್ಮ."

"ಯಾಕಂತೆ?"

ಮಿಹೊ ಕೂಸಿನ ಬಾಯಿ ಒರೆಸತೊಡಗಿದಳು. "ಡಾಕ್ಟ್ರೇನು ಹೆತ್ತಿದಾನಾ?" ಎಂದು ನಾನೂ ಒಂದು ಮಾತು ಸೇರಿಸಿ ನಕ್ಕೆ. ಮಾರನೆಯ ದಿನದಿಂದ ಮಿಹೊ ಮೊಲೆಯೂಡಿಸತೊಡಗಿದಳು. ಮುತ್ಸುಕೊ ಗೆದ್ದೆ ಎಂದುಕೊಂಡಳು.

ಎಂಟು ತಿಂಗಳ ಮೇಲೆ ಮುತ್ಸುಕೊಳ ಎಡಗಣ್ಣಿಗೆ ಮಂಜು ಕವಿಯಿತು. ಕಪ್ಪು ಚುಕ್ಕೆಗಳು ತೇಲಾಡಿದವು. ನಮ್ಮೂರಲ್ಲಿ ಕಣ್ಣು ಕೆಂಪಾದರೆ ಯಾರೂ ಯೋಚಿಸುವುದಿಲ್ಲ, ಬೆಟ್ಟವನ್ನು ಬೈಯುತ್ತೇವೆ. ಊರೆದುರಿನ ಜ್ವಾಲಾಮುಖಿ ಸಕುರಾಜಿಮಾ ಆ ವಾರವೆಲ್ಲ ಬೂದಿ ಉಗುಳಿತ್ತು. "ಬೂದಿ ಹೋಗಿದೆ, ತೊಳ್ಕೊಂಡ್ರೆ ಸರಿಹೋಗತ್ತೆ" ಎಂದು ಇಪ್ಪತ್ತು ದಿನ ತೊಳೆದಳು. ಚುಕ್ಕಿ ತಪ್ಪಿ ಮೊಳದುದ್ದ ಬಟ್ಟೆ ಕೆಟ್ಟಾಗ ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದರು: "ಬೂದಿ ಅಲ್ಲ, ಕಣ್ಣಿನ ಒಳಗಡೆ ಉರಿಯೂತ. ವೈರಸ್ಸಿಂದ ಬಂದಿರೋದು. ಈ ಕಡೆ ಬಹಳ ಜನರ ರಕ್ತದಲ್ಲಿದೆ, ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ಕಣ್ಣು, ಕೆಲವರಿಗೆ ಮುಂದೆ ರಕ್ತದ ಕ್ಯಾನ್ಸರ್. ನಿಮ್ಮ ಕಣ್ಣು ಹನಿ ಹಾಕಿದ್ರೆ ತಿಳಿಯಾಗತ್ತೆ. ಆದ್ರೆ ಇದು ತಾಯಿ ಹಾಲಿಂದ ಮಕ್ಕಳಿಗೆ ಹೋಗತ್ತೆ. ಮಕ್ಕಳಿದಾರಾ ನಿಮಗೆ?"

ಮುತ್ಸುಕೊ ಆಸ್ಪತ್ರೆಯೊಳಗೆ ಹಾಕಿಕೊಳ್ಳಲು ಕೊಟ್ಟ ಚಪ್ಪಲಿಯಲ್ಲೇ ಹೊರಟುಬಿಟ್ಟಳು. ನಾನು ಹಿಂದೆ ಓಡಿದೆ. ಮಿಹೊಳ ಗಂಡನ ಮನೆಗೆ ಹೋದಾಗ ಕೂಸು ಎದೆಯಲ್ಲೇ ಇತ್ತು.

"ಬಿಡಿಸೇ ಅದನ್ನ! ನಿಂಗೆ ಗೊತ್ತಿತ್ತಾ?"

"ಬಸುರಿ ಇದ್ದಾಗ್ಲೇ ಪರೀಕ್ಷೇಲಿ ಗೊತ್ತಾಯ್ತು."

"ಬಾಯಿ ಬಿಡಬಾರ್ದಿತ್ತೇನೇ, ಪಾಪಿ!"

"ಹೇಳಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಿದ್ದೆ ನೀನು. ಏನಂತ ಹೇಳ್ಲಿ? ಎರಡು ವರ್ಷ ಕುಡಿಸ್ದೆ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ಯಲ್ಲಮ್ಮ."

ಅವತ್ತೇ ಹಾಲು ಬಿಡಿಸಿದರು. ಕುಡಿದ ಮಕ್ಕಳಿಗೆಲ್ಲ ಬರುವುದಿಲ್ಲ, ಮೂರು ವರ್ಷ ತುಂಬಿದ ಮೇಲೆ ನೋಡೋಣ ಎಂದರು ಡಾಕ್ಟರು. ಮುತ್ಸುಕೊಳ ಕಣ್ಣು ತಿಂಗಳಲ್ಲಿ ತಿಳಿಯಾಯಿತು. ಮಗ್ಗಕ್ಕೆ ಮರಳಿದಳು, ಆದರೆ ಯಾರನ್ನೂ ಚುಚ್ಚಿ ಮಾತಾಡಲಿಲ್ಲ. ನನಗೆ ಅವಳ ಆ ಮೌನವೇ ಹಿಂಸೆಯಾಗುತ್ತಿತ್ತು.

ಮಗುವಿಗೆ ಮೂರು ತುಂಬಿತು. ಮಿಹೊ ಮಗ್ಗದ ಮನೆಗೇ ಬಂದು, "ಏನೂ ಇಲ್ವಂತಮ್ಮ" ಎಂದಳು. ಮುತ್ಸುಕೊ ಮಗ್ಗದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ನಾನು ಮಿಹೊಳನ್ನು ಬಾಗಿಲ ತನಕ ಕಳಿಸಲು ಹೋದೆ. ಅವಳು ಪರೀಕ್ಷೆಯ ಚೀಟಿ ನನ್ನ ಕೈಗಿಟ್ಟಳು. ಮಗುವಿನ ರಕ್ತದಲ್ಲಿ ವೈರಸ್ಸು ಇತ್ತು.

"ಅಮ್ಮ ಇರೋವರ್ಗೂ ಹೇಳ್ಬೇಡಿ ಚಿಕ್ಕಮ್ಮ."

ಒಳಗೆ ಬಂದೆ. ಮುತ್ಸುಕೊ ಅಕ್ಕ ನನ್ನ ಕೈ ಹಿಡಿದುಕೊಂಡು, "ಉಳ್ಕೊಂಡೆ ಕಣೇ ನಾನು" ಎಂದಳು.

"ಹೌದಕ್ಕ" ಎಂದೆ.