ಲೈಬ್ರರಿಯಿಂದ ತಂದ ಅಕ್ಕನ ಹಾಡು

ಚಿಂತಾಮಣಿಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟುಕೊಂಡು ಬಹಳ ವರ್ಷವಾಯಿತು. ಅಲ್ಲಿಂದ ಲೈಬ್ರರಿ ನಡೆದು ಹೋಗುವಷ್ಟು ಹತ್ತಿರ. ಪೇಪರ್ ಓದಲು, ಆಗೀಗ ಒಂದು ಕಾದಂಬರಿ ತರಲು ಹೋಗುತ್ತಿದ್ದೆನೇ ಹೊರತು ಮೂಲೆಯಲ್ಲಿದ್ದ ಗಾಜಿನ ಬೀರುವಿನ ಕಡೆ ನಾನು ತಿರುಗಿ ನೋಡಿದವಳಲ್ಲ. ಅದರ ತುಂಬ ಸಿ.ಡಿ.ಗಳು. ಅರ್ಧ ಸಂಗೀತ, ಅರ್ಧ ಸಾಕ್ಷ್ಯಚಿತ್ರ. ಯಾರೋ ಪುಣ್ಯಾತ್ಮರು ಕೊಟ್ಟುಹೋಗಿದ್ದಂತೆ. ಪುಸ್ತಕದ ಹಾಗೆಯೇ ಅವನ್ನೂ ಮನೆಗೆ ಒಯ್ಯಬಹುದೆಂದು ಊರಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ, ಗೊತ್ತಿದ್ದವರ ಮನೆಯಲ್ಲಿ ಅದನ್ನು ಹಾಕುವ ಪ್ಲೇಯರ್ ಉಳಿದಿರಲಿಲ್ಲ. ನಮ್ಮ ಮನೆಯಲ್ಲಿತ್ತು. ಮಗಳ ಮದುವೆಯ ವಿಡಿಯೋ ನೋಡಲೆಂದು ತಂದದ್ದು, ಎರಡು ಸಲ ನೋಡಿ ಬಟ್ಟೆ ಹೊದಿಸಿ ಇಟ್ಟಿದ್ದೆವು.

ಆ ಬಟ್ಟೆ ತೆಗೆಸಿದ್ದು ನಮ್ಮಕ್ಕ.

ಅಕ್ಕ ಇದ್ದದ್ದು ಮೇಲೂರಿನಲ್ಲಿ, ನಾವು ಹುಟ್ಟಿ ಬೆಳೆದ ಮನೆಯಲ್ಲೇ. ಅಮ್ಮ ತೀರಿಕೊಂಡಾಗ ನಾನು ಇನ್ನೂ ಚಿಕ್ಕವಳು. ತಲೆ ಬಾಚಿ, ಉಣ್ಣಲು ಇಕ್ಕಿ, ಸ್ಕೂಲಿಗೆ ಕಳಿಸಿ, ಕೊನೆಗೆ ಗಂಡು ನೋಡಿ ಮದುವೆ ಮಾಡಿದ್ದೂ ಅವಳೇ. ತಾನು ಮಾತ್ರ ಮಾಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, "ಹುಳ ಬಿಟ್ಟು ಎಲ್ಲಿಗಪ್ಪ ಹೋಗ್ಲಿ" ಎನ್ನುತ್ತಿದ್ದಳು. ರೇಷ್ಮೆ ಹುಳ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಸಾಕುವ ಉದ್ದನೆಯ ಮನೆ, ಗೂಡಾದರೆ ಶಿಡ್ಲಘಟ್ಟದ ಮಾರ್ಕೆಟ್ಟು. ಅವಳ ಲೋಕ ಅಷ್ಟೇ, ಅದರೊಳಗೆ ಅವಳು ಮಹಾರಾಣಿ.

ಗಂಟಲು ಕಟ್ಟಿದೆ, ಹುಳುಮನೆಯಲ್ಲಿ ಚೆಲ್ಲುವ ಸುಣ್ಣದ ಧೂಳು ಹೋಗಿರಬೇಕು ಎಂದು ಅವಳು ಬಹಳ ದಿನ ಕಷಾಯ ಕುಡಿದುಕೊಂಡೇ ಇದ್ದಳು. ಆಮೇಲೆ ಉಗುಳು ನುಂಗುವುದೂ ಕಷ್ಟವಾಯಿತು. ದೊಡ್ಡಾಸ್ಪತ್ರೆಯಲ್ಲಿ ನೋಡಿದ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು ಗಂಟಲ ಕ್ಯಾನ್ಸರ್ ಎಂದರು. ಅವಳನ್ನು ಚಿಂತಾಮಣಿಗೆ ಕರೆದುಕೊಂಡು ಬಂದೆ. ಆಪರೇಷನ್‌ಗೆ ಮುಂಚೆ ಕೊಡಬೇಕಾದ ಔಷಧಿಯೇ ಬೇಕಾದಷ್ಟಿತ್ತು. ಕಣ್ಣು ಮಂಜು, ಓದಲಾರಳು, ಮೊದಲೇ ಸಹಿ ಮಾಡುವಷ್ಟೇ ಅಕ್ಷರ. ಟೀವಿ ಹಾಕಿದರೆ ಸೀರಿಯಲ್ಲಿನ ಅತ್ತೆಯರನ್ನು ನೋಡಿ ಮುಖ ಸಿಂಡರಿಸುತ್ತಿದ್ದಳು.

"ಇವ್ರೆಲ್ಲಾ ಬರೀ ಸುಳ್ಳು ಕಣೇ. ಏನಾದ್ರೂ ನಿಜವಾದ್ದು ತಂದು ತೋರ್ಸು" ಎಂದಳು.

ನಿಜವಾದ್ದನ್ನು ಎಲ್ಲಿಂದ ತರಲಿ? ಮೂಲೆಯ ಬೀರು ನೆನಪಾದದ್ದು ಆಗ.

ಆ ಮಳೆಗಾಲ ಪೂರ್ತಿ ನಾವಿಬ್ಬರೂ ಆ ಬೀರುವನ್ನು ಖಾಲಿ ಮಾಡಿದೆವು ಎಂದರೂ ತಪ್ಪಿಲ್ಲ. ಉಪ್ಪು ಬೆಳೆಯುವವರ ಮೇಲೆ ಒಂದು ಚಿತ್ರ ಇತ್ತು. ಸಮುದ್ರವನ್ನೇ ಕಾಣದ ಅಕ್ಕ ಅದನ್ನು ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು, ಆ ಹೆಂಗಸರ ಬಿರಿದ ಹಿಮ್ಮಡಿ ಕಂಡು ತನ್ನ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಜೇನು ಕೀಳುವವರದ್ದು, ಮಡಕೆ ಮಾಡುವವರದ್ದು, ದಿನವಿಡೀ ರೈಲು ಹಳಿಯ ಮೇಲೆ ನಡೆಯುವವನೊಬ್ಬನದ್ದು. ಸಂಗೀತದಲ್ಲಿ ನಾಗಸ್ವರ ಅವಳಿಗೆ ಹಿಡಿಸಲಿಲ್ಲ, "ಮದ್ವೆ ಮನೇಲಿ ಸರಿ, ಮಲ್ಗಿದ್ದಾಗ ಬೇಡ" ಎಂದಳು. ವೀಣೆ ಹಾಕಿದರೆ ನಿದ್ದೆ ಹೋಗುತ್ತಿದ್ದಳು. ಯಾವುದೋ ದರ್ಗಾದಲ್ಲಿ ಹಾಡಿದ್ದ ಖವ್ವಾಲಿಯೊಂದನ್ನು ಮೂರು ವಾರ ವಾಪಸು ಕೊಡಲು ಬಿಡಲಿಲ್ಲ. ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋದಾಗ ಹೀಗೇ ಹಾಡುತ್ತಿದ್ದರು ಎಂದು ಅವಳ ವಾದ. ಭಾಷೆ ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತಿದ್ದಳು.

ಒಂದೇ ಒಂದು ಅವಳಿಗೆ ಆಗುತ್ತಿರಲಿಲ್ಲ. ಚಿತ್ರದೊಳಗಿನ ಹೆಂಗಸೋ ಗಂಡಸೋ ಬಾಯಿ ತೆರೆದಾಗ, ಕಾಣದೆ ಕೂತವನೊಬ್ಬ ದಪ್ಪ ದನಿಯಲ್ಲಿ ವಿವರಣೆ ಶುರು ಮಾಡುತ್ತಾನಲ್ಲ, ಅವನನ್ನು ಕಂಡರೆ ಅವಳಿಗೆ ಉರಿ. ಆ ಒಡೆದ ಗಂಟಲಲ್ಲೇ ಗದರುತ್ತಿದ್ದಳು.

"ಸುಮ್ನಿರಪ್ಪ ನೀನು! ಅವ್ಳು ಮಾತಾಡ್ಲಿ."

ನನಗೆ ನಗು. ಟೀವಿಗೆ ಬೈದರೆ ಕೇಳುತ್ತದೆಯೇ ಎಂದರೆ, "ಕೇಳ್ದಿದ್ರೆ ನಂಗೇನು, ಹೇಳೋದು ಹೇಳ್ದೆ" ಎನ್ನುತ್ತಿದ್ದಳು. ಅಂಥದ್ದೇ ಒಂದು ದಿನ ಬೈದು ಮುಗಿಸಿ, ನೀರು ಗುಟುಕರಿಸಿ, ಏನೂ ಅಲ್ಲವೆಂಬಂತೆ ಹೇಳಿದಳು, "ನನ್ನೂ ಹಿಂಗೇ ಹಿಡ್ಕೊಂಡು ಹೋಗವ್ರೆ ಕಣೇ."

ನಾನು ಮದುವೆಯಾಗಿ ಬಂದ ಮೇಲೆ ನಡೆದದ್ದಂತೆ. ರೇಷ್ಮೆಯ ಮೇಲೆ ಚಿತ್ರ ಮಾಡುವವರು ಕ್ಯಾಮೆರಾ ಹೊತ್ತುಕೊಂಡು ಮೇಲೂರಿಗೆ ಬಂದಿದ್ದರು. ಹುಳುಮನೆಯ ಬಾಗಿಲಲ್ಲೇ ಅಕ್ಕ ಅವರನ್ನು ತಡೆದಳು. ಚಪ್ಪಲಿ ಬಿಡಿ, ಕೈಕಾಲು ತೊಳೆಯಿರಿ, ಸೆಂಟು ಹಾಕಿರುವವರು ಆಚೆ ನಿಲ್ಲಿ. ಅಷ್ಟೆಲ್ಲ ಆಗಿ ಒಳಗೆ ಬಂದವರು ನೋಡಿದರೆ ಹುಳು ಅಲ್ಲಾಡುತ್ತಲೇ ಇಲ್ಲ. ನಾಲ್ಕನೇ ಜ್ವರ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಕಲ್ಲಿನಂತೆ ಕೂತುಬಿಡುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಮನೆಯೊಳಗೆ ಯಾರೂ ಏರುದನಿಯಲ್ಲಿ ಮಾತಾಡಬಾರದು, ತಟ್ಟೆ ಅಲುಗಿಸಬಾರದು. ಬಂದವರಿಗೆ ಇದೇನು ಗೊತ್ತು? ಹಾಡುತ್ತೀರಂತೆ, ಒಂದು ಹಾಡು ಹೇಳಿ ಎಂದರಂತೆ.

"ಜ್ವರ ಬಂದಿರೋ ಮಗೂ ಮುಂದೆ ಯಾರಾದ್ರೂ ಹಾಡ್ತಾರೇನ್ರೀ? ಏಳ್ಲಿ, ಎದ್ಮೇಲೆ ಬನ್ನಿ" ಎಂದು ಕಳಿಸಿಬಿಟ್ಟಳಂತೆ.

ಪಾಪ, ಅವರೂ ಒಳ್ಳೆಯವರೇ ಇರಬೇಕು. ಶಿಡ್ಲಘಟ್ಟದಲ್ಲಿ ಉಳಿದುಕೊಂಡು ಕಾದರು. ಹುಳು ಎದ್ದ ದಿನ ಬಂದರು. ಜ್ವರದಿಂದ ಎದ್ದ ಹುಳುವಿಗೆ ಮೊದಲ ಎಲೆ ಹಾಕುವಾಗ ಅಕ್ಕ ಒಂದು ಹಾಡು ಹೇಳುತ್ತಿದ್ದಳು, ಆ ಹೊತ್ತಿಗೆ ಬಿಟ್ಟರೆ ಬೇರೆ ಯಾವಾಗಲೂ ಅಲ್ಲ. ಅದು ಅಮ್ಮನ ಹಾಡು. ಅಮ್ಮ ಆಂಧ್ರದ ಗಡಿಯ ಕಡೆಯವಳು, ತೆಲುಗಿನಲ್ಲೇ ಹುಳುವನ್ನು ಮಾತಾಡಿಸುತ್ತಿದ್ದಳಂತೆ. ನನಗೆ ಅಮ್ಮನ ಮುಖವೇ ಸರಿಯಾಗಿ ನೆನಪಿಲ್ಲ. ಹಾಡು ಅಕ್ಕನ ಬಾಯಲ್ಲಿ ಕೇಳಿದ್ದೆ, ಪಕ್ಕದ ಕೋಣೆಯಲ್ಲಿ ಪಾಠ ಓದಿಕೊಳ್ಳುತ್ತ, ಕಿವಿಗೆ ಬಿದ್ದಷ್ಟು.

"ಒಂದ್ಸಲ ಹೇಳಕ್ಕ" ಎಂದೆ. ಬಾಯಿ ತೆರೆದಳು. ದನಿ ಹರಿದ ಬಟ್ಟೆಯಂತೆ ಅಲ್ಲಲ್ಲೇ ನಿಂತುಹೋಯಿತು. ತಲೆ ಆಡಿಸಿ ಮಗ್ಗುಲಾದಳು.

ಮುಂಚೆಯೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಾರದಿತ್ತೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಅವರ ಮನೆಯಲ್ಲಿ ಯಾರ ಯಾರ ಹಾಡು ಹಿಡಿದಿಟ್ಟಿದ್ದಾರೋ ಕಾಣೆ. ಅಕ್ಕ ಇದ್ದಾಳಲ್ಲ, ಹಾಡು ಎಲ್ಲಿಗೆ ಹೋಗುತ್ತದೆ ಎಂದೇ ಯಾರಾದರೂ ಅಂದುಕೊಳ್ಳುವುದು. ಮೇಲೂರಿಗೆ ಫೋನು ಮಾಡಿ ವಿಚಾರಿಸಿದೆ. ಅಮ್ಮನ ತವರಿನ ಹಾಡು, ಮೇಲೂರಿನಲ್ಲಿ ಒಬ್ಬರಿಗೂ ಬಾರದು, ತವರಿನ ಕಡೆ ನಮ್ಮವರು ಯಾರೂ ಉಳಿದಿಲ್ಲ. ಇನ್ನು ಉಳಿದದ್ದು ಆ ಚಿತ್ರ ಒಂದೇ.

ಲೈಬ್ರರಿ ಮೇಡಂಗೆ ಕಥೆ ಹೇಳಿದೆ. ನಮ್ಮ ಬೀರುವಿನಲ್ಲಿ ಇರಲಿಲ್ಲ. ಆಕೆ ಬೇಸರವಿಲ್ಲದೆ ಆ ಊರು ಈ ಊರು ಕೇಳಿ, ಕೊನೆಗೆ ಗೌರಿಬಿದನೂರಿನಲ್ಲಿ ಒಂದು ಪ್ರತಿ ಇದೆಯೆಂದು ಪತ್ತೆ ಹಚ್ಚಿದರು. ಅಷ್ಟರಲ್ಲಿ ಆಪರೇಷನ್ ದಿನ ಬಂತು. ಧ್ವನಿಪೆಟ್ಟಿಗೆ ತೆಗೆದು, ಕುತ್ತಿಗೆಯಲ್ಲಿ ಉಸಿರಾಡಲು ತೂತು ಮಾಡಿದರು. ಅಕ್ಕ ಕಣ್ಣು ಬಿಟ್ಟಾಗ ಏನೋ ಹೇಳಲು ಹೋದಳು. ತುಟಿ ಆಡಿತು, ಏನೂ ಬರಲಿಲ್ಲ. ಅವಳಿಗೆ ಮೊದಲೇ ಹೇಳಿದ್ದೆವು, ಗೊತ್ತಿತ್ತು. ಆದರೂ ನನ್ನ ಮುಖವನ್ನು ಹಾಗೆ ನೋಡಿದಳಲ್ಲ, ಅದನ್ನು ನಾನು ಸಾಯುವ ತನಕ ಮರೆಯಲಾರೆ.

ಅವಳು ಮನೆಗೆ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗೌರಿಬಿದನೂರಿಗೆ ಹೋದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಮಂಚೇನಹಳ್ಳಿ ದಾಟಿ. ಬರುವಾಗ ಆ ಡಬ್ಬಿಯನ್ನು ಬ್ಯಾಗಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು, "ಯಾವ್ ಪಿಕ್ಚರ್ರಮ್ಮಾ?" ಎಂದು ಕೇಳಿದಳು. ನಮ್ಮಕ್ಕನದು ಎಂದೆ. ಅವಳು ನನ್ನನ್ನು ಮೇಲೆ ಕೆಳಗೆ ನೋಡಿ ಕಿಟಕಿಯ ಕಡೆ ತಿರುಗಿದಳು.

ಮಾರನೆಯ ಬೆಳಗ್ಗೆ ಅಕ್ಕನಿಗೆ ದಿಂಬು ಕೊಟ್ಟು ಕೂರಿಸಿ ಚಿತ್ರ ಹಾಕಿದೆ. ತೋಟ ಬಂತು, ಶಿಡ್ಲಘಟ್ಟದ ಮಾರ್ಕೆಟ್ಟು ಬಂತು, ನೂಲು ಬಿಚ್ಚುವವರು ಬಂದರು. ಆಮೇಲೆ ನಮ್ಮ ಹುಳುಮನೆ. ಎಲೆಯ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಅಕ್ಕ ಬಂದಳು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಸೆರಗು ಬಿಗಿದಿದ್ದಾಳೆ, ನಡಿಗೆಯಲ್ಲಿ ಅದೇ ಠೀವಿ. ಎಲೆ ಉದುರಿಸುತ್ತ ಬಾಯಿ ತೆರೆದಳು. ಹಾಡಿನ ಮೊದಲ ಉಲಿ ಬಂತು, ಬಂದದ್ದೇ ತಡ, ಆ ದಪ್ಪ ದನಿ ಅದರ ಮೇಲೆ ಬಂದು ಕೂತಿತು. ಒಂದು ಗೂಡಿನಿಂದ ಎಷ್ಟು ಉದ್ದದ ನೂಲು ಬರುತ್ತದೆ, ಯಾವ ಸೊಪ್ಪು ಎಷ್ಟು ಹಾಕಬೇಕು, ಎಲ್ಲ ಹೇಳಿದ. ಅವನ ಮಾತಿನ ಅಡಿಯಲ್ಲಿ ಅಕ್ಕ ಹಾಡುತ್ತಲೇ ಇದ್ದಳು. ತುಟಿ ಕಾಣುತ್ತಿತ್ತು, ಹಾಡು ಕೇಳುತ್ತಿರಲಿಲ್ಲ. ಹುಳು ಏಳಲೆಂದು ಉಳಿದುಕೊಂಡು ಕಾದವರು, ಅವಳು ಹಾಡುವಾಗ ಬಾಯಿ ಮುಚ್ಚಿಕೊಂಡಿರಲಾರದೆ ಹೋದರು.

ಅಕ್ಕ ಕೈ ಎತ್ತಿದಳು. ಯಾವಾಗಲೂ ಬೈಯುವಾಗ ಎತ್ತುತ್ತಿದ್ದ ಹಾಗೆಯೇ, ಟೀವಿಯ ಕಡೆಗೆ. ಕೈ ಹಾಗೇ ನಿಂತಿತು. ಬೈಯಲು ದನಿಯಿಲ್ಲ.

ನಾನೇ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತ ಅಳು ಬಂತು. ಅಷ್ಟರಲ್ಲಿ ಅವನು ಒಂದು ವಾಕ್ಯ ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಂಡ. ಆ ಸಂದಿನಲ್ಲಿ ಅಕ್ಕನ ದನಿ, ತಿಳಿಯಾಗಿ, ಒಂದೇ ಒಂದು ಸಾಲು ಬಂದು ಹೋಯಿತು.

"ಲೇತ ಆಕು ತೆಚ್ಚಿನಾನು, ಲೇವೇ ನಾ ತಲ್ಲಿ..."

ಎಳೆ ಎಲೆ ತಂದಿದ್ದೀನಿ, ಏಳೇ ನನ್ನ ತಾಯಿ. ಮತ್ತೆ ಅವನು ಶುರುವಾದ.

ಮಿಕ್ಕ ಸಾಲುಗಳಿಗಾಗಿ ಏನೆಲ್ಲ ಮಾಡಿದೆವು. ಚಿತ್ರದಲ್ಲೂ ಎದುರಿಗೂ ಅವಳ ತುಟಿ ನೋಡಿ ಹಿಡಿಯಲು ಹೋದೆ. ನಾನು ಏನೋ ಒಂದು ಹೇಳಿದರೆ ಅಕ್ಕ ದನಿಯಿಲ್ಲದೆ ಮೈಯೆಲ್ಲ ಕುಲುಕಿಸಿ ನಕ್ಕಳು, ಯಾವ ಪೋಲಿ ಮಾತು ಹೇಳಿಬಿಟ್ಟಿದ್ದೆನೋ. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಅದೊಂದು ಸಲ. ಕೊನೆಗೆ ನನ್ನ ಮುಂಗೈ ಹಿಡಿದು, ಬೆರಳಿನಿಂದ ತಟ್ಟಿ ತೋರಿಸಿದಳು. ಮಾತು ಹೋಗಿತ್ತು, ಲಯ ಇತ್ತು. ಬೇಗ ಬೇಗ ಎರಡು, ನಿಧಾನ ಒಂದು, ಮತ್ತೆ ಬೇಗ. ನಾನು ಸಿಕ್ಕಿದ ಸಾಲನ್ನು ಹಾಡುತ್ತಿದ್ದೆ, ಸಿಗದ ಸಾಲುಗಳನ್ನು ಅವಳು ನನ್ನ ಕೈ ಮೇಲೆ ತಟ್ಟುತ್ತಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಕಾಯಿಲೆ ಮತ್ತೆ ಮೇಲೆ ಬಂತು. ಅಕ್ಕ ಊಟ ಬಿಟ್ಟಳು. ದಿನವೆಲ್ಲ ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಎತ್ತಿ, ಅಲ್ಲಾಡದೆ ಮಲಗಿರುತ್ತಿದ್ದಳು. ನೋಡಲು ಬಂದವರಿಗೆ ನಾನು ಬಾಗಿಲಲ್ಲೇ ಹೇಳುತ್ತಿದ್ದೆ, ಚಪ್ಪಲಿ ಬಿಡಿ, ಕೈ ತೊಳೆಯಿರಿ, ಜೋರಾಗಿ ಮಾತಾಡಬೇಡಿ ಎಂದು. ಯಾರ ಮಾತು ಆಡುತ್ತಿದ್ದೇನೆಂದು ನನಗೇ ಆಮೇಲೆ ಹೊಳೆಯಿತು. ರಾಗಿ ಗಂಜಿ ಸೋಸಿ, ಮೂಗಿನ ನಳಿಗೆಯಲ್ಲಿ ಹಾಕುವ ಮುಂಚೆ ಕಿವಿಯ ಹತ್ತಿರ ಬಗ್ಗಿ ಆ ಸಾಲು ಹೇಳುತ್ತಿದ್ದೆ. ಲೇವೇ ನಾ ತಲ್ಲಿ. ಕಣ್ಣು ಬಿಡುತ್ತಿದ್ದಳು. ಬೆರಳು ನನ್ನ ಮುಂಗೈ ಹುಡುಕಿ, ಮುಂದಿನದನ್ನು ತಟ್ಟುತ್ತಿತ್ತು. ದಿನೇ ದಿನೇ ತಟ್ಟುವುದು ಹಗುರವಾಯಿತು. ಒಂದು ಬೆಳಗ್ಗೆ ಗಂಜಿ ತಂದು, ಬಗ್ಗಿ ಹೇಳಿದೆ. ಇನ್ನೊಂದು ಸಲ ಹೇಳಿದೆ. ಗಂಜಿ ಆರುವ ತನಕ ಹೇಳುತ್ತಲೇ ಇದ್ದೆ. ನಮ್ಮಕ್ಕ ಏಳಲಿಲ್ಲ.

ಮೇಲೂರಿನ ತೋಟದ ಪಕ್ಕದಲ್ಲೇ ಮಣ್ಣು ಮಾಡಿದೆವು. ಹುಳುಮನೆಯನ್ನು ಈಗ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದಾರೆ, ಚೆನ್ನಾಗಿಯೇ ಇಟ್ಟುಕೊಂಡಿದ್ದಾರೆ. ಅವರಿಗೆ ಹಾಡು ಗೀಡು ಇಲ್ಲ, ಹುಳುವೂ ಅದಕ್ಕೇನೂ ಕಾಯುತ್ತಿಲ್ಲ.

ಆ ಸಿ.ಡಿ. ಈಗ ಚಿಂತಾಮಣಿಯ ಬೀರುವಿನಲ್ಲೇ ಇದೆ. ಮೇಡಂ ಅದನ್ನು ಇಲ್ಲಿಗೇ ತರಿಸಿ ಇಟ್ಟಿದ್ದಾರೆ. ಹಾಡಿನ ಭಾಗವನ್ನು ಫೋನಿಗೆ ಇಳಿಸಿಕೊಟ್ಟರೆ ಸಾಕಲ್ಲ, ಪದೇ ಪದೇ ಯಾಕೆ ಓಡಾಡುತ್ತೀರಿ ಎಂದು ಒಮ್ಮೆ ಕೇಳಿದರು. ಬೇಡ ಎಂದೆ. ಅಕ್ಕ ಯಾವಾಗ ಬೇಕೋ ಆವಾಗ ಹಾಡಿದವಳಲ್ಲ. ಬಿಡುವಾದಾಗ ಹೋಗಿ ತರುತ್ತೇನೆ, ಕೊಟ್ಟ ದಿನ ತುಂಬಿದ ಮೇಲೆ ವಾಪಸು ಕೊಡುತ್ತೇನೆ. ಮನೆಗೆ ತಂದರೆ ಕೈ ತೊಳೆದು ಹಾಕುತ್ತೇನೆ.

ಅಕ್ಕ ಬುಟ್ಟಿ ಹಿಡಿದು ಬರುತ್ತಾಳೆ, ಬಾಯಿ ತೆರೆಯುತ್ತಾಳೆ. ಅವನು ಶುರು ಮಾಡುತ್ತಾನೆ.

"ಸುಮ್ನಿರಪ್ಪ ನೀನು. ನಮ್ಮಕ್ಕ ಹಾಡ್ಲಿ" ಎನ್ನುತ್ತೇನೆ.

ಅವನು ಕೇಳುವುದಿಲ್ಲ. ನಾನು ನನ್ನ ಮುಂಗೈ ಮೇಲೆ ತಟ್ಟಿಕೊಳ್ಳುತ್ತ ಕಾಯುತ್ತೇನೆ, ಬೇಗ ಬೇಗ ಎರಡು, ನಿಧಾನ ಒಂದು. ಅವನು ಉಸಿರೆಳೆದುಕೊಳ್ಳುತ್ತಾನೆ. ಅಕ್ಕ ಅಷ್ಟರಲ್ಲೇ ಬಂದು, ನನಗೆ ಏಳು ಎಂದು ಹೇಳಿ ಹೋಗುತ್ತಾಳೆ.